ಹೆಣ್ಣು ನೋಡಲು ಬಂದವನ ಫೋನು

ಯಾರ ಫೋನು ಕೈಗೆ ಸಿಕ್ಕರೂ ಅದರೊಳಗಿನ ಪ್ರೊಸೆಸರ್ ಯಾವುದು ಎಂದು ನೋಡುವ ತನಕ ನನಗೆ ಸಮಾಧಾನವಿಲ್ಲ. ಮದುವೆಮನೆಗಳಲ್ಲಿ ಉಳಿದ ಹೆಂಗಸರು ಒಬ್ಬರ ಸೆರಗನ್ನು ಇನ್ನೊಬ್ಬರು ಉಜ್ಜಿ ನೋಡಿ ಜರಿ ಅಸಲಿಯೋ ನಕಲಿಯೋ ಎಂದು ತೀರ್ಮಾನ ಮಾಡುತ್ತಿರುತ್ತಾರೆ. ನಾನು ಅದೇ ಸಾಲಿನಲ್ಲಿ ಕುಳಿತು ಅವರ ಗಂಡಂದಿರ ಫೋನಿಗೆ ಟೆಸ್ಟ್ ಹಾಕಿರುತ್ತೇನೆ. ಎರಡೂ ಒಂದೇ ಕೆಲಸ, ಆದರೆ ಅವರದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಚಟ ಹತ್ತಿದ್ದು ಕೆಲಸದಿಂದ. ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಹಳೇ ಫೋನು ಕೊಂಡು ಮಾರುವ ಒಂದು ಅಂಗಡಿಗೆ ಸೇರಿದೆ. ದಿನಾ ಹೋಳೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಾರಲು ಬಂದ ಫೋನು ನಿಜವಾಗಿ ಏನು, ಎಷ್ಟರದ್ದು ಎಂದು ಹೇಳುವುದು ನನ್ನ ಪಾಲಿನ ಕೆಲಸ. ಫೋನಿನ ಸೆಟ್ಟಿಂಗ್ಸ್ ಒಳಗೆ ಹೋದರೆ ಅದರ ಜಾತಕ ಇರುತ್ತದೆ: ಇಂಥ ಪ್ರೊಸೆಸರ್, ಇಷ್ಟು ರ‍್ಯಾಮ್ ಅಂತ. ಆದರೆ ಡೂಪ್ಲಿಕೇಟ್ ಮಾಡುವವರು ಆ ಜಾತಕವನ್ನೇ ತಿದ್ದಿ ಕೂರಿಸಿರುತ್ತಾರೆ. ಅದಕ್ಕೇ ಬೆಂಚ್‌ಮಾರ್ಕ್ ಆ್ಯಪು. ಅದು ಫೋನಿನ ಮಾತು ಕೇಳುವುದಿಲ್ಲ, ಕೆಲಸ ಕೊಡುತ್ತದೆ. ದೊಡ್ಡ ದೊಡ್ಡ ಲೆಕ್ಕ ಮಾಡಿಸುತ್ತದೆ, ಕಾಡು ಕೋಟೆ ಕುದುರೆ ಇರುವ ಚಿತ್ರಗಳನ್ನು ಓಡಿಸುತ್ತದೆ, ಫೋನು ಬಿಸಿಯಾಗುವ ತನಕ ದುಡಿಸಿ ಕೊನೆಗೆ ಒಂದು ಅಂಕ ಕೊಡುತ್ತದೆ. ಒಳ್ಳೇ ಪ್ರೊಸೆಸರ್ ಆದರೆ ಎಂಟು ಲಕ್ಷ, ಹತ್ತು ಲಕ್ಷ. ಬಡಪಾಯಿ ಆದರೆ ಒಂದು ಲಕ್ಷ ದಾಟುವುದರೊಳಗೆ ಏದುಸಿರು.

ಇದು ನನಗೆ ಬೇಗ ಹಿಡಿಸಿದ್ದಕ್ಕೆ ಕಾರಣ ನಮ್ಮಪ್ಪ. ಅವರು ಟೊಮೇಟೊ ಮಾರ್ಕೆಟ್ಟಿನ ಒಂದು ಮಂಡಿಯಲ್ಲಿ ಮಾಲು ನೋಡುವವರು. ಹರಾಜಿಗೆ ಮುಂಚೆ ಕ್ರೇಟನ್ನು ಬಗ್ಗಿಸಿ, ಮೇಲಿನ ಸಾಲು ಸರಿಸಿ, ತಳದ ಹಣ್ಣು ಎತ್ತಿ ನೋಡುತ್ತಾರೆ. "ಮೇಲಿನ ಸಾಲು ಮದುವೆ ಹೆಣ್ಣಿನಂಗೆ ಸಿಂಗಾರ ಮಾಡ್ಕೊಂಡು ಕೂತಿರ್ತದೆ ಕಣಮ್ಮಾ, ಅದನ್ನ ನೋಡಿ ರೇಟ್ ಕೂಗಿದ್ರೆ ಕೆಟ್ಟೆ" ಎಂದು ನಾನು ಲಂಗ ತೊಡುವ ಕಾಲದಿಂದ ಹೇಳಿದ್ದಾರೆ. ಬೆಂಚ್‌ಮಾರ್ಕ್ ಆ್ಯಪನ್ನು ಮೊದಲ ಸಲ ನೋಡಿದಾಗ ನನಗೆ ಇದು ಕ್ರೇಟು ಬಗ್ಗಿಸುವುದೇ ತಾನೇ ಅನ್ನಿಸಿತು.

ಬಂದ ಅಂಕವನ್ನು ಬಂದ ಹಾಗೆ ಹೇಳುವುದು ನನ್ನ ಸ್ವಭಾವ. ಅಂಗಡಿಯಲ್ಲಿ ಅದಕ್ಕೆ ಬೆಲೆ, ನೆಂಟರಲ್ಲಿ ಇಲ್ಲ. ಮುಳಬಾಗಿಲಿನ ನಮ್ಮ ಸೋದರತ್ತೆ ತನ್ನ ಗೃಹಪ್ರವೇಶದ ದಿನ ಹೊಸ ಫೋನನ್ನು ಎಲ್ಲರಿಗೂ ತೋರಿಸುತ್ತಿದ್ದಳು. ನಾನು ಟೆಸ್ಟ್ ಹಾಕಿ, "ಅತ್ತೇ, ಇದು ಹೋದ ವರ್ಷದ ಪ್ರೊಸೆಸರ್, ಹೊಸ ಡಬ್ಬಿಗೆ ಹಾಕಿ ಮಾರಿದಾರೆ" ಎಂದೆ. ಪುರೋಹಿತರೂ ಕೇಳಿಸಿಕೊಂಡರು. ಆ ವರ್ಷ ಅವಳ ಮನೆಯಿಂದ ನಮಗೆ ಬರುವ ಮಾವಿನಕಾಯಿ ಉಪ್ಪಿನಕಾಯಿ ಬರಲಿಲ್ಲ. ನಮ್ಮಮ್ಮ ಬೇಸಿಗೆಯುದ್ದಕ್ಕೂ ನನ್ನನ್ನು ನೋಡಿ ಮಜ್ಜಿಗೆ ಅನ್ನ ಬರಿದೇ ಕಲಸಿ ತಿಂದಳು.

ಮದುವೆಯ ಮಾತು ಬಂದಾಗ ಅಮ್ಮನಿಗೆ ಇದೇ ದೊಡ್ಡ ತಲೆನೋವಾಯಿತು. ನನ್ನದು ಒಂದೇ ಷರತ್ತು: ಹುಡುಗ ಹೇಗಾದರೂ ಇರಲಿ, ಸುಳ್ಳು ಹೇಳಬಾರದು. ಮೊದಲು ಬಂದವನು ಎತ್ತರದ ವಿಷಯದಲ್ಲಿ ಸುಳ್ಳು ಹೇಳಿದ್ದ. ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಗೊತ್ತಾಯಿತು. ಎರಡನೆಯವನು ಪರ್ಮನೆಂಟ್ ಅಲ್ಲದ ಕೆಲಸವನ್ನು ಪರ್ಮನೆಂಟ್ ಎಂದಿದ್ದ. ಇಬ್ಬರನ್ನೂ ಬೇಡವೆಂದೆ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರೀಕರೇ ಹೇಳವ್ರೆ, ನೀನು ಒಂದು ಸುಳ್ಳಿಗೇ ಬಾಗ್ಲಾಕ್ತೀಯಲ್ಲೇ" ಎಂದು ಅಮ್ಮ ತಲೆ ಚಚ್ಚಿಕೊಂಡಳು. ಆ ಗಾದೆ ಕಂಡರೆ ನನಗೆ ಆಗುವುದೇ ಇಲ್ಲ. ಮೂರನೆಯವನು ಬರುವ ಭಾನುವಾರ ಅವಳು ದೇವರಿಗೆ ತುಪ್ಪದ ದೀಪ ಹಚ್ಚಿ, ನನ್ನ ಫೋನನ್ನು ಕಿತ್ತುಕೊಂಡು ಅಕ್ಕಿ ಡಬ್ಬದ ಹಿಂದೆ ಇಟ್ಟಳು. ನಾನು ಹತ್ತು ನಿಮಿಷದಲ್ಲಿ ಅದನ್ನು ತೆಗೆದುಕೊಂಡು ಬಂದೆ.

ಬಂದವರು ಮೂವರು: ಹುಡುಗ, ಅವನ ತಾಯಿ, ತಾಯಿಯ ಅಣ್ಣ. ಹುಡುಗ ಮಾಲೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ತಂದೆ ಅವನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದರು. ಸಾಕಿ ಓದಿಸಿದ್ದೆಲ್ಲ ಈ ಸೋದರಮಾವನೇ. ಅವರದು ರಾಯಲ್ಪಾಡಿನ ಹತ್ತಿರ ಮಾವಿನ ತೋಟ. ಅರ್ಧ ಮಾತು ತೆಲುಗು, ಅರ್ಧ ಕನ್ನಡ, ಎರಡೂ ಗಟ್ಟಿ ಗಂಟಲಿನಲ್ಲಿ. ಒಂದು ಕೈಯಲ್ಲಿ ಬಾದಾಮಿ ಮಾವಿನಹಣ್ಣಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಏನೋ ರಟ್ಟಿನ ಡಬ್ಬಿ. ಬುಟ್ಟಿಯನ್ನು ಅಮ್ಮನಿಗೆ ಕೊಟ್ಟರು. ಡಬ್ಬಿಯನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತರು.

ಆ ಡಬ್ಬಿ ಏನೆಂದು ಅಡುಗೆಮನೆಯಲ್ಲಿದ್ದ ನನಗೆ ಐದು ನಿಮಿಷದಲ್ಲೇ ಕೇಳಿಸಿತು.

"ನಮ್ಮ ಹುಡುಗನಿಗೆ ಕೆಲ್ಸ ಸಿಕ್ಕಿದ ದಿನ ನಾನೇ ತಂದುಕೊಟ್ಟ ಫೋನಣ್ಣಾ ಇದು. ಸೀಜನ್ನಲ್ಲಿ ಹಣ್ಣು ತಗೊಂಡು ಸಿಟಿಗೆ ಹೋಗಿದ್ನಲ್ಲ, ಆವಾಗ. ಡಬ್ಬಿ ನೋಡಿ, ಹೆಂಗೈತೆ! ದೇವರ ಗೂಡಲ್ಲೇ ಇಟ್ಟಿರ್ತೀನಿ. ಇದ್ರಾಗೆ ಪ್ರೊಸೆಸರು ಅಂತ ಒಂದು ಐತೆ. ಅದ್ರೊಳಗೆ ಎಂಟು ಜನ ಕೂಲಿಯೋರು. ನಾಲ್ಕು ಜನ ದೊಡ್ಡ ಕೆಲ್ಸಕ್ಕೆ, ನಾಲ್ಕು ಜನ ಸಣ್ಣ ಕೆಲ್ಸಕ್ಕೆ. ಕೂಲಿ ಕೇಳಲ್ಲ, ಬೀಡಿ ಕೇಳಲ್ಲ, ಮಧ್ಯಾಹ್ನ ಮರದಡಿ ಮಲಗಲ್ಲ!"

ನಮ್ಮಪ್ಪ ಜೋರಾಗಿ ನಕ್ಕರು. ಒಳಗೆ ನನಗೂ ನಗು ಬಂತು. ಎಂಟು ಕೋರ್ ಎಂದರೆ ಏನು ಎಂದು ನಾನು ಅಂಗಡಿಗೆ ಬಂದವರಿಗೆ ಹೇಳುತ್ತಿದ್ದುದಕ್ಕಿಂತ ಇದು ಚೆನ್ನಾಗಿತ್ತು. ಆಮೇಲೆ ಅವರು ಡಬ್ಬಿಯ ಮೇಲಿದ್ದ ಪ್ರೊಸೆಸರಿನ ಹೆಸರು, ನಂಬರು ಎಲ್ಲವನ್ನೂ ಮಂತ್ರದ ಹಾಗೆ ತಪ್ಪಿಲ್ಲದೆ ಹೇಳಿದರು. ಅದು ಆ ಕಾಲಕ್ಕೆ ಎಲ್ಲಕ್ಕಿಂತ ಮೇಲಿನ ಪ್ರೊಸೆಸರ್. ನನ್ನ ಕಿವಿ ನಿಮಿರಿತು.

ಕಾಫಿ ಲೋಟಗಳನ್ನು ಹಿಡಿದು ಹೋದೆ. ಇಂಥ ಹೊತ್ತಿನಲ್ಲಿ ಹುಡುಗಿ ಕಣ್ಣೆತ್ತಿ ಒಂದು ಸಲ ಹುಡುಗನ ಮುಖ ನೋಡಬೇಕು. ನಾನು ಟೀಪಾಯಿಯ ಮೇಲಿದ್ದ ಫೋನು ನೋಡಿದೆ. ಸ್ಕ್ರೀನಿನ ಕೆಳಗಿನ ಅಂಚು ದಪ್ಪ. ಹಿಂದಿನ ನಾಲ್ಕು ಕ್ಯಾಮೆರಾಗಳಲ್ಲಿ ಎರಡು ಬರೀ ಗಾಜಿನ ಬೊಟ್ಟು. ಆ ಹೆಸರಿನ ಅಸಲಿ ಫೋನುಗಳನ್ನು ನಾನು ಎಷ್ಟೋ ಸಲ ಕೈಯಲ್ಲಿ ಹಿಡಿದವಳು. ಇದು ಅದಲ್ಲ.

"ಏನಪ್ಪಾ, ಹೇಳು, ಹೆಂಗೈತೆ ಫೋನು?" ಎಂದು ಮಾವ ತಂಗಿಯ ಮಗನನ್ನು ಕೇಳಿದರು.

"ಸೂಪರಾಗಿದೆ ಮಾವ" ಎಂದ ಹುಡುಗ, ತಲೆ ಆಡಿಸಿ.

ಅವನ ಮುಖವನ್ನು ನಾನು ಆಗ ನೋಡಿದೆ. ಒಳ್ಳೆಯ ಮುಖ. ಆದರೆ ದಿನಾ ಆ ಫೋನು ಹಿಡಿಯುವವನಿಗೆ ಅದು ತೆವಳುವುದು ಗೊತ್ತಿಲ್ಲದೇ ಇರುತ್ತದೆಯೇ? ಒಂದೋ ಪೆದ್ದ, ಇಲ್ಲ ಸುಳ್ಳುಗಾರ. ಪೆದ್ದನಾದರೆ ತಿದ್ದಬಹುದು. ಸುಳ್ಳುಗಾರನಾದರೆ ಈ ಸಂಬಂಧ ಇಲ್ಲಿಗೆ ಮುಗಿಯಿತು. ಎರಡರಲ್ಲಿ ಯಾವುದೆಂದು ಅವತ್ತೇ ಗೊತ್ತಾಗಬೇಕಿತ್ತು.

ಅಷ್ಟರಲ್ಲಿ ಅಮ್ಮ ನನ್ನನ್ನು ಹೊಗಳುವ ಭರದಲ್ಲಿ ತಾನೇ ಬಾಯಿಬಿಟ್ಟಳು. "ನಮ್ಮ ಹುಡುಗಿ ಫೋನ್ ಟೆಸ್ಟ್ ಮಾಡೋದ್ರಲ್ಲಿ ಎತ್ತಿದ ಕೈ. ಎಂಥ ಫೋನೇ ಆಗ್ಲಿ, ಮಾರ್ಕ್ಸ್ ಹೇಳ್ಬಿಡ್ತಾಳೆ." ಹೇಳಿದ ಮೇಲೆ ಅವಳಿಗೆ ಗೃಹಪ್ರವೇಶ ನೆನಪಾಗಿರಬೇಕು, ನಾಲಿಗೆ ಕಚ್ಚಿಕೊಂಡಳು.

ಮಾವ ಕುಳಿತಲ್ಲಿಂದ ಎದ್ದು ನಿಂತರು. "ಅವ್ನಾ, ಹೌದಾ! ಹಂಗಾದ್ರೆ ನಮ್ಮ ಫೋನಿಗೂ ಮಾಡ್ಲಿ! ಮೇಲೆ ಹೋಗಿ ಇಬ್ರೂ ಮಾತಾಡ್ಕೊಂಡು ಬನ್ನಿ, ಬರುವಾಗ ಮಾರ್ಕ್ಸು ತಗೊಂಡು ಬನ್ನಿ. ಎಲ್ರ ಮುಂದೇನೇ ಹೇಳ್ಬೇಕಮ್ಮಾ."

ಹುಡುಗನ ಮುಖ ಬಿಳಿಚಿತು. ನಾನು ಅದನ್ನು ಗಮನಿಸಿದೆ, ಗಮನಿಸಿ ಒಳಗೊಳಗೇ ಗೆದ್ದೆನೆಂದುಕೊಂಡೆ.

ನಮ್ಮ ಮಾಳಿಗೆಯ ಮೇಲೆ ಹುಣಸೆಹಣ್ಣು ಒಣಹಾಕಿತ್ತು. ನೀರಿನ ಟ್ಯಾಂಕಿನ ನೆರಳಲ್ಲಿ ಮಾತ್ರ ಕೂರಲು ಜಾಗ. ಅವನು ಒಂದು ಕಡೆ, ನಾನು ಒಂದು ಕಡೆ ಕುಳಿತೆವು. ಕೈ ಚಾಚಿದೆ.

"ಫೋನ್ ಕೊಡಿ."

"ಟೆಸ್ಟ್ ಬೇಡ ಬಿಡಿ. ನಿಮ್ಮ ಬಗ್ಗೆ ಏನಾದ್ರೂ ಹೇಳಿ."

"ನನ್ನ ಬಗ್ಗೆ ಹೇಳೋಕೆ ಬೇರೇನಿಲ್ಲ, ಇದೇ ನಾನು. ಕೊಡಿ."

ಕೊಟ್ಟ. ನನ್ನ ಫೋನಿನಿಂದ ಅದಕ್ಕೆ ಆ್ಯಪು ಕಳಿಸಿದೆ. ಅದು ಹೋಗಿ ಕೂರುವುದಕ್ಕೇ ಒಂದು ಯುಗ ಹಿಡಿಯಿತು. ಟೆಸ್ಟ್ ಶುರುವಾಯಿತು. ಸ್ಕ್ರೀನಿನ ಮೂಲೆಯಲ್ಲಿ ಎಷ್ಟು ಭಾಗ ಮುಗಿಯಿತು ಎನ್ನುವ ಅಂಕಿ ಆಮೆಯ ಹಾಗೆ ಏರತೊಡಗಿತು. ಇಬ್ಬರೂ ಅದನ್ನೇ ನೋಡುತ್ತಾ ಕುಳಿತೆವು. ಕೋಟೆ ಬಂತು. ಕುದುರೆ ಬಂತು. ಕುದುರೆ ಓಡಬೇಕಿತ್ತು, ಕಾಲೆತ್ತಿ ಯೋಚನೆ ಮಾಡಿ ಆಮೇಲೆ ಇಳಿಸುತ್ತಿತ್ತು.

"ನಮ್ಮ ಹೋಳೂರು ಬಸ್ಸು ಇದಕ್ಕಿಂತ ವಾಸಿ" ಎಂದೆ.

ಅವನು ಫಕ್ಕನೆ ನಕ್ಕುಬಿಟ್ಟ. ನಗಬಾರದಿತ್ತು ಎನ್ನುವಂತೆ ಬಾಯಿಗೆ ಕೈ ಇಟ್ಟುಕೊಂಡ. ಕೆಳಗಿನಿಂದ ಅವನ ತಾಯಿ, "ನಗ್ತಾ ಇದಾರೆ" ಎಂದು ನಮ್ಮಮ್ಮನಿಗೆ ಹೇಳಿದ್ದು ಮೆಟ್ಟಿಲ ಮೂಲಕ ಕೇಳಿಸಿತು.

ಫೋನು ಬೆಂದ ಗೆಣಸಿನಷ್ಟು ಬಿಸಿಯಾಯಿತು. ಕೊನೆಗೂ ಅಂಕ ಬಂತು. ಒಂದು ಲಕ್ಷಕ್ಕೂ ಸ್ವಲ್ಪ ಕಡಿಮೆ.

"ಇದು ಡೂಪ್ಲಿಕೇಟು" ಎಂದೆ. "ಡಬ್ಬಿ ಮೇಲಿರೋ ಪ್ರೊಸೆಸರ್ ಇದ್ರಲ್ಲಿಲ್ಲ. ಯಾವುದೋ ಹಳೇದು ಹಾಕಿ, ಹೆಸ್ರು ಬದ್ಲಾಯ್ಸಿದಾರೆ."

"ಗೊತ್ತು."

ನಾನು ತಿರುಗಿ ನೋಡಿದೆ. "ಯಾವಾಗಿಂದ?"

"ಕೊಟ್ಟ ವಾರಾನೇ ಗೊತ್ತಾಯ್ತು. ಇದೇ ಥರ ಟೆಸ್ಟ್ ಮಾಡಿದ್ದೆ."

"ಮತ್ತೆ ಕೆಳಗೆ ಸೂಪರಾಗಿದೆ ಅಂದ್ರಿ?"

"ಅಂದೆ. ಎರಡು ವರ್ಷದಿಂದ ಅಂತಾನೇ ಇದೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಇವನೂ ಸುಳ್ಳುಗಾರನೇ. ಅದೂ ಎದುರಿಗೇ ಒಪ್ಪಿಕೊಳ್ಳುವ ಸುಳ್ಳುಗಾರ. "ನೋಡಿ, ನನಗೆ ಸುಳ್ಳು ಹೇಳೋರನ್ನ ಕಂಡ್ರೆ ಆಗಲ್ಲ" ಎಂದು ಎದ್ದೆ.

ಅವನು ಏಳಲಿಲ್ಲ. ಪ್ಯಾಂಟಿನ ಜೇಬಿನಿಂದ ಇನ್ನೊಂದು ಫೋನು ತೆಗೆದು ನೆಲದ ಮೇಲಿಟ್ಟ. ಸಾಧಾರಣ ಬೆಲೆಯದು, ಆದರೆ ಅಸಲಿ, ನೋಡಿದರೇ ಗೊತ್ತಾಗುತ್ತಿತ್ತು.

"ಕೆಲ್ಸಕ್ಕೆಲ್ಲ ಇದು. ಮಾವನ ಮುಂದೆ ಮಾತ್ರ ಅದು. ಊರಿಗೆ ಹೋದಾಗ ಮರದ ಕೆಳಗೆ ನಿಂತ್ಕೊಂಡು, ನಿನ್ನ ಫೋನಲ್ಲಿ ಒಂದು ಫೋಟೋ ತೆಗಿಯೋ ಅಂತಾರೆ. ಅದ್ರಲ್ಲಿ ತೆಗಿಯೋ ಥರ ಮಾಡಿ, ಆಮೇಲೆ ಇನ್ನೊಂದ್ಸಲ ನಿಲ್ಲಿ ಮಾವ ಅಂತ ಅವ್ರಿಗೆ ಗೊತ್ತಾಗದ ಹಾಗೆ ಇದ್ರಲ್ಲಿ ತೆಗ್ದು ಕಳಿಸ್ತೀನಿ. ನೋಡ್ದಾ, ಎಂಟು ಜನ ಕೂಲಿಯೋರು ಹೆಂಗೆ ಕೆಲ್ಸ ಮಾಡವ್ರೆ ಅಂತ ಊರಿಗೆಲ್ಲ ತೋರಿಸ್ತಾರೆ."

ನನಗೆ ನಗು ಬಂತು, ಆದರೆ ನಗಬಾರದೆಂದು ಹುಣಸೆಹಣ್ಣಿನ ಕಡೆ ನೋಡಿದೆ.

"ಅವ್ರು ಅವರಿಗೋಸ್ಕರ ಅಂತ ಒಂದು ವಾಚೂ ತಗೊಂಡಿಲ್ಲ ರೀ. ಹೊಸದು ಅಂತ ಅಂಗಡಿಗೆ ಹೋಗಿ ತಗೊಂಡಿದ್ದು ಇದೊಂದೇ. ಡೂಪ್ಲಿಕೇಟು ಅಂತ ಹೇಳಿದ್ರೆ ಅವ್ರು ಆ ಅಂಗಡಿಯೋನ್ನ ಬಯ್ಯಲ್ಲ. ನನಗೇನೂ ತಿಳಿಯಲ್ಲ, ಹಳ್ಳಿ ಗಮಾರ ನಾನು ಅಂತ ತಮ್ಮನ್ನೇ ಬೈಕೊಂಡು ಸುಮ್ನಾಗ್ಬಿಡ್ತಾರೆ. ಅವ್ರು ಸುಮ್ನಾಗೋದು ನನ್ ಕೈಲಿ ನೋಡಕ್ಕಾಗಲ್ಲ." ನೆಲದ ಮೇಲಿದ್ದ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೇಳಿದ: "ನಿಮಗೆ ಇಷ್ಟ ಇಲ್ಲ ಅಂದ್ರೆ ಕೆಳಗೆ ಹೋಗಿ ಬೇಡ ಅಂತ ಹೇಳಿ. ಹುಡುಗ ಚೆನ್ನಾಗಿಲ್ಲ ಅನ್ನಿ, ಬೇಜಾರಿಲ್ಲ. ಫೋನ್ ವಿಷ್ಯ ಮಾತ್ರ ಬೇಡ."

ಮೂರನೇ ಸಂಬಂಧವಾದ ಇವನು ನನ್ನ ಎದುರು ತನ್ನನ್ನು ಚೆನ್ನಾಗಿ ತೋರಿಸಿಕೊಳ್ಳಲು ಒಂದು ಮಾತೂ ಆಡಲಿಲ್ಲ. ಇನ್ನೊಬ್ಬರ ಪರವಾಗಿ ಬೇಡಿಕೊಂಡ. ನನಗೆ ಅವನ ಮೇಲೆ ಆ ಕ್ಷಣದಲ್ಲೇ ಮನಸ್ಸಾಯಿತು ಎಂದು ಈಗ ಹೇಳುವುದಕ್ಕೆ ನಾಚಿಕೆಯಿಲ್ಲ. ಆದರೆ ಮನಸ್ಸಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವಲ್ಲ. ಕೆಳಗೆ ಒಬ್ಬರು ಅಂಕಕ್ಕಾಗಿ ಕಾಯುತ್ತಿದ್ದರು. ನಿಜ ಹೇಳಿದರೆ ಆ ಮನುಷ್ಯ ತನ್ನ ತಂಗಿಯ ಮಗನ ಹೆಣ್ಣು ನೋಡುವ ಶಾಸ್ತ್ರದ ದಿನ, ನಾಲ್ಕು ಜನರ ಎದುರು ಪೆಚ್ಚಾಗಬೇಕು. ಸುಳ್ಳು ಹೇಳೋಣವೆಂದರೆ ನನ್ನ ನಾಲಿಗೆಗೆ ಅಭ್ಯಾಸವೇ ಇಲ್ಲ. ಅಂಗಡಿಯಲ್ಲಿ ಮಾಲೀಕರೇ ಒಂದು ಸಲ ಅಂಕ ಸ್ವಲ್ಪ ಏರಿಸಿ ಹೇಳಮ್ಮ ಎಂದಾಗ ಒಲ್ಲೆ ಎಂದವಳು ನಾನು. ಫೋನು ಹಿಡಿದು ಮೆಟ್ಟಿಲು ಇಳಿದೆ. ಹುಡುಗ ಹಿಂದೆ ಬರುತ್ತಿದ್ದ. ನಾನು ಏನು ಹೇಳುತ್ತೇನೆಂದು ಅವನು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೆಳಗೆ ಎಲ್ಲರೂ ಮಾತು ನಿಲ್ಲಿಸಿದರು. ನಾವು ಮೇಲೆ ಅಷ್ಟು ಹೊತ್ತು ಇದ್ದದ್ದು ಟೆಸ್ಟ್ ನಿಧಾನವಾದದ್ದಕ್ಕೆ ಎಂದು ಯಾರಿಗೂ ತಿಳಿದಿರಲಿಲ್ಲ. ಅಮ್ಮಂದಿರಿಬ್ಬರೂ ಆಗಲೇ ಪಕ್ಕಪಕ್ಕ ಕುಳಿತಿದ್ದರು. ಮಾವ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಪೆಯ ತುದಿಗೆ ಜರುಗಿದರು. ರಿಸಲ್ಟ್ ನೋಡಲು ಬಂದ ಪೋಷಕರ ಹಾಗೆಯೇ ಇತ್ತು ಅವರ ಮುಖ.

"ಎಂತ ಒಚ್ಚಿಂದಮ್ಮಾ? ಎಷ್ಟು ಬಂತು?"

ಅಪ್ಪ ನನ್ನನ್ನೇ ನೋಡುತ್ತಿದ್ದರು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಹುಡುಗ ನನ್ನ ಹಿಂದೆಯೇ ನಿಂತಿದ್ದ. ನಾನು ಬಾಯಿ ತೆರೆದೆ.

"ಎಂಟು ಲಕ್ಷ ದಾಟಿದೆ, ಮಾವ."

ಎಲ್ಲರೂ ತಟ್ಟನೆ ನನ್ನ ಮುಖ ನೋಡಿದರು. ನನ್ನ ಸುಳ್ಳು ಸಿಕ್ಕಿಬಿತ್ತೆಂದೇ ತಿಳಿದೆ. ಹುಡುಗನ ತಾಯಿ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು. ಯಾಕೆಂದು ಅರ್ಥವಾಗದೆ ನಾನು ಕಂಬದ ಹಾಗೆ ನಿಂತಿದ್ದೆ.

ಮಾವ ಡಬ್ಬಿಯನ್ನು ಚಾಪೆಯ ಮೇಲೆ ಇಟ್ಟರು. ಬಂದಾಗಿನಿಂದ ಅವರು ಅದನ್ನು ಕೈಬಿಟ್ಟದ್ದು ಅದೇ ಮೊದಲು. ಗಟ್ಟಿ ಗಂಟಲು ಎಲ್ಲಿ ಹೋಯಿತೋ, ಮೆಲ್ಲಗೆ ಕೇಳಿದರು:

"ಏಮನ್ನಾವಮ್ಮಾ? ಇನ್ನೊಂದ್ಸಲ ಹೇಳು."

"ಎಂಟು ಲಕ್ಷ..."

"ಅದಿ ಕಾದಮ್ಮಾ. ಅದಲ್ಲ. ಅದಾದ್ಮೇಲೆ ಏನೋ ಅಂದ್ಯಲ್ಲ, ಅದು."

ನಾನು ಏನು ಅಂದಿದ್ದೇನೆಂದು ನನಗೆ ಆಗ ಹೊಳೆಯಿತು. ಸಂಬಂಧ ಒಪ್ಪಿಗೆಯಾಗುವ ತನಕ ನಮ್ಮ ಕಡೆ ಹುಡುಗಿ ಬಂದವರನ್ನು ಅತ್ತೆ, ಮಾವ ಎಂದು ಕರೆಯುವುದಿಲ್ಲ. ಕಾಫಿ ಕೊಡುವಾಗಲೂ ಬರೀ "ತಗೊಳ್ಳಿ" ಎಂದಿದ್ದೆ. ನನ್ನ ಅಂಕ ಅಲ್ಲಿದ್ದ ಯಾರ ಕಿವಿಗೂ ಬಿದ್ದಿರಲೇ ಇಲ್ಲ. ಎರಡು ವರ್ಷದಿಂದ ಊರೆಲ್ಲ ಸಾರಿಕೊಂಡು ಬಂದ ಆ ಪ್ರೊಸೆಸರು, ಆ ಎಂಟು ಜನ ಕೂಲಿಯವರು, ಎಲ್ಲವನ್ನೂ ಆ ಮನುಷ್ಯ ಮರೆತು, ತನ್ನ ಹುಡುಗನನ್ನು ಹುಡುಗಿ ಒಪ್ಪಿದಳು ಎನ್ನುವ ಒಂದೇ ಮಾತಿಗೆ ಕಿವಿ ಕೊಟ್ಟು ಕುಳಿತಿದ್ದರು.

ನಾಲ್ಕು ಜನರ ಎದುರು, ಅವರ ಮುಖ ನೋಡಿಕೊಂಡೇ ಹೇಳಿದೆ.

"ಮಾವ ಅಂದೆ."